ಬೆರಳು ಹಿಡಿದು

ಶಾಯಿಯ ಹನಿ ದುಗ್ಗಮ್ಮನ ಬೆರಳಿಗೆ ಬೀಳದೆ ಮೇಜಿನ ಮೇಲೆ ಬಿತ್ತು. ಅಷ್ಟರಲ್ಲಿ ಅವಳು ಕೈ ಹಿಂದಕ್ಕೆಳೆದುಕೊಂಡಿದ್ದಳು.

"ಎಂಥ ಆಯ್ತೇ? ಕೈ ಒಡ್ಡು, ಬಿಡ್ತೀನಿ," ಎಂದರು ಮಂಜುನಾಥಪ್ಪ ಮೇಷ್ಟ್ರು. ಅವರ ಶಾಯಿಕಡ್ಡಿ ಮೇಜಿನಿಂದ ಗೇಣು ಮೇಲಿತ್ತು.

"ಬಿಡೋದು ಬ್ಯಾಡ. ಎಲ್ಲರಿಗೂ ಹಚ್ಚಿದಂಗೆ ಬೆರಳು ಹಿಡ್ಕಂಡು ಹಚ್ಚಿ."

ಅದು ಅರವತ್ತೇಳರ ಚುನಾವಣೆ. ನಿಟ್ಟೂರಿನಾಚೆಯ ಆ ಹಳ್ಳಿಯಲ್ಲಿ ಕೇರಿಯವರನ್ನು ಮುಟ್ಟಿದರೆ ಆಗಲೂ ಮೈಲಿಗೆ. ದುಗ್ಗಮ್ಮ ಹುಟ್ಟಿದಾಗಿನಿಂದ ಮೇಲಿಂದ ಬಿದ್ದದ್ದನ್ನೇ ಹಿಡಿದವಳು. ಅಂಗಡಿಯ ಉಪ್ಪು ಸೆರಗಿಗೆ ಬೀಳುತ್ತಿತ್ತು, ಒಡೆಯರ ಅಂಗಳದಲ್ಲಿ ನೀರು ಬೊಗಸೆಗೆ ಬೀಳುತ್ತಿತ್ತು. ಹಿಂದಿನ ಚುನಾವಣೆಯಲ್ಲಿ ಕೇರಿಯವರನ್ನು ಎಲ್ಲರದೂ ಮುಗಿದ ಮೇಲೆ ಕರೆದಿದ್ದರು. ಹನಿ ಬಿಡುವುದೇ ಸರ್ಕಾರದ ಪದ್ಧತಿ ಎಂದುಕೊಂಡು ಅವಳು ಒಡ್ಡಿದ್ದಳು. ಈ ಸಲ ಶಿವಮೊಗ್ಗದಿಂದ ಬಂದ ಅಧಿಕಾರಿ, ಬಂದವರು ಬಂದ ಹಾಗೆ ಒಂದೇ ಸಾಲು ಎಂದುಬಿಟ್ಟಿದ್ದ. ಸಾಲಿನಲ್ಲಿ ನಿಂತು ಅವಳು ಕಣ್ಣಾರೆ ನೋಡಿದ್ದಳು: ಮೇಷ್ಟ್ರು ಒಬ್ಬೊಬ್ಬರ ಬೆರಳನ್ನೂ ಹಿಡಿದು, ಉಗುರಿನ ಬುಡಕ್ಕೆ ನೀಟಾಗಿ ಗೆರೆ ಎಳೆಯುತ್ತಿದ್ದರು. ಉಪ್ಪಾಯಿತು, ನೀರಾಯಿತು, ಸರ್ಕಾರದ ಶಾಯಿಗೂ ಮೈಲಿಗೆಯೇ? ಅವಳ ಮೈ ಉರಿದುಹೋಗಿತ್ತು.

ಅವಳ ಹಿಂದೆಯೇ ನಿಂತಿದ್ದರು ಒಡೆಯರು, ಸೀತಾರಾಮಪ್ಪನವರು. ಮಾರುದೂರ ಬಿಟ್ಟೇ ನಿಂತಿದ್ದರು.

"ಎಂಥದೇ ದುಗ್ಗಿ ನಿಂದು? ಹಾಕಿಸ್ಕಂಡು ನಡಿಯೇ ಆಚೆ!"

"ಹಾಕಿಸ್ಕಣಕ್ಕೇ ನಿಂತೀನಿ ಒಡೇರೇ. ಮೇಷ್ಟ್ರು ಹಾಕ್ತಿಲ್ಲ."

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಒಡೆಯರ ಮುಖ ಕೆಂಪಾಯಿತು.

"ನಾಳೆಯಿಂದ ಗದ್ದೆ ಕಡೆ ಕಾಲಿಡಬ್ಯಾಡ."

ದುಗ್ಗಮ್ಮನ ಮನೆಯಲ್ಲಿ ಗಂಜಿ ಬೇಯುವುದು ಆ ಗದ್ದೆಯ ಕೆಲಸದಿಂದಲೇ. ಆದರೂ ಕಾಲು ಕದಲಲಿಲ್ಲ.

"ನಾಳೇದು ನಾಳೆ ನೋಡಣ. ಇವತ್ತು ನಂದು ಮುಗೀದೆ ನಿಮ್ಮದು ಬರಲ್ಲ."

ಮೂಲೆಯಿಂದ ಅಧಿಕಾರಿ ತಲೆಯೆತ್ತಿದ. "ಏನ್ರೀ ಮೇಷ್ಟ್ರೇ ಅದು? ಬೆರಳು ಹಿಡಿದು ಹಚ್ರೀ. ಸಾಲು ನಿಂತಿದೆ."

ಮೇಷ್ಟ್ರು ಒಡೆಯರ ಮುಖ ನೋಡಿದರು, ಅಧಿಕಾರಿಯ ಮುಖ ನೋಡಿದರು. ದುಗ್ಗಮ್ಮ ಮತ್ತೆ ಮೇಜಿನ ಮೇಲೆ ಚಾಚಿದ್ದ ಕಪ್ಪು ಬೆರಳು ಅಲುಗಲಿಲ್ಲ. ಕೊನೆಗೆ ಬಿಸಿ ಕೆಂಡ ಮುಟ್ಟುವವರ ಹಾಗೆ ಅದನ್ನು ಹಿಡಿದರು. ಗೆರೆ ಸೊಟ್ಟಗಾಯಿತು.

"ಇನ್ನೊಂದು ಸಲ ಎಳೀರಿ," ಎಂದಳು ದುಗ್ಗಮ್ಮ. "ಸರಿಯಾಗಿ ಕಾಣಂಗೆ."

ಎಳೆದರು.

ಅವಳು ಚೀಟಿ ಇಸಿದುಕೊಂಡು ಮರೆಯ ಹಿಂದೆ ಹೋದಳು. ಯಾರೂ ಹೇಳಿಕೊಡದ, ತನ್ನ ಮನಸ್ಸಿಗೆ ಬಂದ ಗುರುತಿನ ಮೇಲೆ ಮೊಹರನ್ನು ಒತ್ತಿ ಹಿಡಿದಳು. ಹೊರಗಡೆ ಮೇಷ್ಟ್ರ ದನಿ ಕೇಳಿಸಿತು.

"ಸಾರ್, ಒಂದು ಗಳಿಗೆ... ಕೈ ತೊಳ್ಕಂಡು ಬರ್ತೀನಿ."

"ಯಾಕ್ರೀ? ಶಾಯಿ ಹಚ್ಚೋರು ಕೂತ ಜಾಗ ಬಿಡೋ ಹಾಗಿಲ್ಲ. ಮುಂದಿನವರು ಬನ್ನಿ!"

ದುಗ್ಗಮ್ಮ ಚೀಟಿಯನ್ನು ಮಡಿಸಿ ಪೆಟ್ಟಿಗೆಗೆ ಹಾಕಿದಳು. ಒಳಗೆ ಬಿದ್ದ ಸದ್ದಿಗೆ ಕಾದು, ಸೆರಗು ಸರಿಮಾಡಿಕೊಂಡು, ಎಡಗೈಯನ್ನು ಎದೆಯ ಮೇಲಿಟ್ಟುಕೊಂಡು ಬಾಗಿಲಿಗೆ ಬಂದಳು. ಅಲ್ಲಿ ಒಮ್ಮೆ ತಿರುಗಿದಳು.

ಮೇಷ್ಟ್ರು ಅದೇ ಕೈ ಚಾಚಿಕೊಂಡು ಕೂತಿದ್ದರು. ಸೀತಾರಾಮಪ್ಪನವರ ಬೆರಳು ಮೇಜಿನವರೆಗೆ ಬಂದು, ಅರ್ಧದಲ್ಲೇ ನಿಂತಿತ್ತು.