ಮಂಡಿಯೂರಿದಾಗ ಪೇಸ್‌ಮೇಕರ್‌ಗೆ ಕೇಳಿಸದ ಬಡಿತ

ನೆಲಕ್ಕೆ ಟೈಲ್ಸ್ ಕೂರಿಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಅವನು ಹಾಸಿದ ನೆಲದ ಮೇಲೆ ಗೋಲಿ ಇಟ್ಟರೆ ಅದು ಇಟ್ಟಲ್ಲೇ ಕೂರುತ್ತಿತ್ತು. ಹಾಗಾಗಿ ಬೀದಿಯವರೆಲ್ಲ ಅವನನ್ನು ‘ಮಟ್ಟದ ಮಾಮ’ ಎಂದೇ ಕರೆಯುತ್ತಿದ್ದರು. ಐವತ್ತೆಂಟನೇ ವಯಸ್ಸಿನಲ್ಲಿ ಮಾಮನ ಹೃದಯದ ಬಡಿತ ಆಗಾಗ ತೀರಾ ನಿಧಾನವಾಗತೊಡಗಿತು. ವೈದ್ಯರು ಎದೆಯ ಚರ್ಮದಡಿ, ಬಡಿತ ತಪ್ಪಿದಾಗ ತಂತಿಯ ಮೂಲಕ ಹೃದಯವನ್ನು ತಟ್ಟುವ ಪೇಸ್‌ಮೇಕರ್ ಇಟ್ಟರು. ಎರಡು ತಿಂಗಳು ವಿಶ್ರಾಂತಿ ಪಡೆದು, ವೈದ್ಯರು ಹೂಂ ಅಂದ ಮೇಲೆ ಮಾಮ ಮತ್ತೆ ಕರಣೆ ಹಿಡಿದ.

ಆಗ ಶುರುವಾಯಿತು ತೊಂದರೆ. ಮಂಡಿಯೂರಿ, ಎಡಕ್ಕೆ ವಾಲಿ ಟೈಲ್ಸ್ ಒತ್ತುವಾಗ ಎದೆಯೊಳಗೆ ದಡಬಡ, ಕಣ್ಣೆಲ್ಲ ಮಂಜು ಮಂಜು. ಎದ್ದು ನಿಂತರೆ ಏನೂ ಇಲ್ಲ. ಒಂದು ಮಧ್ಯಾಹ್ನ ಟೈಲ್ಸ್ ಕತ್ತರಿಸುವ ಯಂತ್ರ ಗಿರ್ರನೆ ತಿರುಗುತ್ತಿದ್ದಾಗಲೇ ಮಾಮನ ಕೈ ಜಾರಿತು. ಅಂಗೈ ಅಲಗಿಗೆ ಎರಡು ಬೆರಳಷ್ಟು ದೂರದಲ್ಲಿ ನಿಂತಿತು. ಊಟದ ಡಬ್ಬಿ ತಂದಿದ್ದ ಹೆಂಡತಿ ಬಾಗಿಲಲ್ಲೇ ನಿಂತು ಅದನ್ನು ಕಂಡಳು.

“ನಾಳೆ ಆಸ್ಪತ್ರೆಗೆ ನಡೀರಿ.”

“ಹೋದ ವಾರ ತಾನೇ ನೋಡಿದ್ರಲ್ಲೇ! ಮಲಗಿಸಿ ನೋಡಿ, ಎಲ್ಲ ಸರಿ ಇದೆ ಅಂದ್ರು. ಮತ್ತೆ ಹೋದ್ರೆ, ಈ ಮನುಷ್ಯನಿಗೆ ಐಬು ಎದೆಯಲ್ಲಲ್ಲ, ತಲೆಯಲ್ಲಿ ಅಂತಾರೆ.”

“ಮಲಗಿಕೊಂಡು ಯಾರಾದ್ರೂ ಟೈಲ್ಸ್ ಹಾಕ್ತಾರಾ? ಬಗ್ಗಿದಾಗ ಹೀಗಾಗುತ್ತೆ ಅಂತ ಅವರಿಗೆ ಹೇಳಿದ್ರಾ?”

ಮಾಮ ಹೇಳಿರಲಿಲ್ಲ. ಹೇಳಿದರೆ ಕೆಲಸವನ್ನೇ ಬಿಡಿ ಅಂದುಬಿಟ್ಟಾರು ಎಂಬ ಭಯ. ನಲವತ್ತು ವರ್ಷದಿಂದ ಕೈಗೆ ಅಂಟಿದ್ದ ಕೆಲಸ ಅದು.

ಮರುದಿನ ಪೇಸ್‌ಮೇಕರ್ ತಪಾಸಣೆಯ ಕೋಣೆಯಲ್ಲಿ ಹೆಂಡತಿಯೇ ಎಲ್ಲ ಹೇಳಿದಳು. ಅಲ್ಲಿನ ತಂತ್ರಜ್ಞೆ ಗಮನವಿಟ್ಟು ಕೇಳಿದಳು.

“ಹೇಗೆ ಬಗ್ತೀರಿ? ಮಾಡಿ ತೋರಿಸಿ.”

“ಇಲ್ಲೇ? ನೆಲದ ಮೇಲಾ?”

“ನೀವು ಹಾಕಿದ ನೆಲ ಅಲ್ಲ, ಸ್ವಲ್ಪ ಏರುಪೇರು ಇರಬಹುದು. ಸಹಿಸ್ಕೊಳ್ಳಿ!”

ಮೊದಲು ಮಲಗಿಸಿ ನೋಡಿದಳು. ಪರದೆಯ ಮೇಲೆ ಬಡಿತದ ಗೆರೆಗಳು ಎತ್ತರವಾಗಿದ್ದವು. ಕೂತಾಗ ಸ್ವಲ್ಪ ತಗ್ಗಿದವು. ಮಾಮ ಮಂಡಿಯೂರಿ ಎಡಕ್ಕೆ ವಾಲಿದಾಗ ಅವಳೂ ಪಕ್ಕದಲ್ಲೇ ಮಂಡಿಯೂರಿ, ತಪಾಸಣೆಯ ಯಂತ್ರದ ತುದಿಯನ್ನು ಅವನ ಎದೆಗೆ ಹಿಡಿದಳು. ಗೆರೆಗಳು ಅರ್ಧಕ್ಕಿಂತ ಕೆಳಗಿಳಿದವು.

“ಈಗ! ಈಗ ಆಗ್ತಿದೆ!” ಎಂದ ಮಾಮ.

“ನನಗೂ ಕಾಣ್ತಿದೆ. ನಿಮ್ಮ ತಲೆಯಲ್ಲಿ ಯಾವ ಐಬೂ ಇಲ್ಲ. ನಾವು ಮಲಗಿದಾಗ, ಎದ್ದಾಗ, ಬಗ್ಗಿದಾಗ ಎದೆಯೊಳಗೆ ಹೃದಯವೂ ಒಂಚೂರು ಸರಿಯುತ್ತೆ. ಆಗ ಅದರ ಸಂಕೇತ ಪೇಸ್‌ಮೇಕರ್ ತಂತಿಗೆ ಒಮ್ಮೆ ಬಲವಾಗಿ, ಒಮ್ಮೆ ಸಣ್ಣಗೆ ಸಿಗುತ್ತೆ. ಹೀಗೆ ವಾಲಿದಾಗ ತೀರಾ ಸಣ್ಣಗಾಯ್ತು. ಹೃದಯ ತಾನೇ ಬಡಿದ್ರೂ ಪೇಸ್‌ಮೇಕರ್‌ಗೆ ಕೇಳಿಸ್ಲಿಲ್ಲ. ಬಡಿತ ತಪ್ಪಿತು ಅಂದ್ಕೊಂಡು ಬೇಡದಿದ್ರೂ ಅದೊಂದು ತಟ್ಟು ಕೊಡ್ತು.”

“ಹಾಗಾದ್ರೆ ಮತ್ತೆ ಕೊಯ್ಬೇಕಾ?” ಎಂದ ಮಾಮ.

“ತಂತಿ ಜಾಗ ಬಿಟ್ಟಿಲ್ಲ ಅಂದ್ರೆ ಬೇಡ. ಹೊರಗಿನಿಂದಲೇ ಸರಿ ಮಾಡ್ಬಹುದು.”

ವೈದ್ಯರು ಎಕ್ಸ್‌ರೇ ನೋಡಿ, ತಂತಿ ಇದ್ದಲ್ಲೇ ಇದೆ ಎಂದರು. ಸಣ್ಣ ಸಂಕೇತವನ್ನೂ ಗುರುತಿಸುವಂತೆ ತಂತ್ರಜ್ಞೆ ಪೇಸ್‌ಮೇಕರನ್ನು ಹೊಂದಿಸಿದಳು. ಅಷ್ಟಕ್ಕೇ ಬಿಡಲಿಲ್ಲ. ತೋಳು ಬಿಗಿದಾಗ ಸ್ನಾಯುವಿನಿಂದ ಬರುವ ಸಂಕೇತವನ್ನು ಅದು ಹೃದಯದ ಬಡಿತವೆಂದು ತಪ್ಪು ತಿಳಿಯಬಾರದಲ್ಲ? ಮಾಮನನ್ನು ಮಲಗಿಸಿ, ನಿಲ್ಲಿಸಿ, ವಾಲಿಸಿ, ಅಂಗೈಗೆ ಅಂಗೈ ಒತ್ತಿಸಿ ಮತ್ತೆ ಮತ್ತೆ ನೋಡಿದಳು. ಅರ್ಧ ಗಂಟೆ ನೆಲದ ಮೇಲೇ ಇದ್ದಳು. ಎದ್ದಾಗ ಅವಳ ಮಂಡಿಯೆಲ್ಲ ಧೂಳು.

ಮಾಮ ಆ ಧೂಳನ್ನೇ ನೋಡುತ್ತ ನಿಂತ. ಮಂಡಿಯೂರಿ ಮಾಡುವ ಕೆಲಸ ಎಂಥದ್ದೆಂದು ಅವನಿಗೆ ಹೇಳಿಕೊಡಬೇಕಿರಲಿಲ್ಲ. “ನೀವು ಮೂಲೆಮೂಲೆ ನೋಡಿ ಕೆಲಸ ಮಾಡೋರು ತಾಯಿ,” ಎಂದ. ಅವನ ಬಾಯಲ್ಲಿ ಅಷ್ಟು ದೊಡ್ಡ ಹೊಗಳಿಕೆಯನ್ನು ಹೆಂಡತಿ ಎಂದೂ ಕೇಳಿರಲಿಲ್ಲ.

“ಹೊಗಳಿಕೆ ಇವರಿಗೆ ಸಲ್ಬೇಕು,” ಎಂದು ತಂತ್ರಜ್ಞೆ ಹೆಂಡತಿಯತ್ತ ಕೈ ತೋರಿದಳು. “ಬಗ್ಗಿದಾಗ ಅಂತ ಹೇಳದೇ ಇದ್ದಿದ್ರೆ ನಾನು ಇವತ್ತೂ ಮಲಗಿಸಿ ನೋಡಿ ಕಳಿಸ್ತಿದ್ದೆ.”

ಮುಂದಿನ ವಾರ ಮಾಮ ಒಂದು ಉದ್ದನೆಯ ಪಡಸಾಲೆಗೆ ಟೈಲ್ಸ್ ಹಾಕಿದ. ದಡಬಡವಿಲ್ಲ, ಮಂಜಿಲ್ಲ. ಮುಂದಿನ ತಪಾಸಣೆಯ ದಿನವನ್ನು ಅವನೇ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿದ.

ನಿಮಗೋ ನಿಮ್ಮವರಿಗೋ ಪೇಸ್‌ಮೇಕರ್ ಇದೆಯೇ? ತಲೆ ಸುತ್ತಿದರೆ, ಎದೆ ದಡಬಡಿಸಿದರೆ, ಆಗ ನೀವು ಮಲಗಿದ್ದಿರೋ ಕೂತಿದ್ದಿರೋ ಯಾವ ಕಡೆಗೆ ವಾಲಿದ್ದಿರೋ ನೆನಪಿಟ್ಟುಕೊಳ್ಳಿ. ಪ್ರಜ್ಞೆ ತಪ್ಪಿದರಂತೂ ಒಂದು ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಹೋಗಿ. ತಪಾಸಣೆಗೆ ಹೋದಾಗ ನಾಚದೆ ಹೇಳಿ: “ಹೀಗಿದ್ದಾಗ ಆಗುತ್ತೆ, ಹೀಗೇ ಇಟ್ಟು ನೋಡಿ.” ನೀವು ಹೇಳಿದರೆ ತಾನೇ ಅವರಿಗೆ ಗೊತ್ತಾಗುವುದು!