ನನ್ನ ಬೀಗ ಕತ್ತರಿಸಿದವರು

ನಮ್ಮ ಭಾವನಿಗೆ ನನ್ನ ಮೇಲೆ ದ್ವೇಷವೇನೂ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ದ್ವೇಷ ಇದ್ದವನು ನಾನು ಎಲ್ಲಿದ್ದೇನೆ ಎಂದು ಒಂದು ಕಣ್ಣಾದರೂ ಇಟ್ಟಿರುತ್ತಾನೆ.

ಭಾವ ಎಂದರೆ ಅಕ್ಕನ ಗಂಡ. ನಮ್ಮ ಕನ್ವರ್ಟರ್ ಸ್ಟೇಷನ್ನಿನ ಮುಖ್ಯಸ್ಥ, ನಾನು ಅಲ್ಲಿ ಫಿಟ್ಟರ್. ಕೆಲಸ ಕೊಡಿಸಿದವನೂ ಅವನೇ, ಮನೆಯಲ್ಲಿ ಕೋಣೆ ಕೊಟ್ಟವನೂ ಅವನೇ, ಊಟಕ್ಕೆ ಕೂತಾಗಲೆಲ್ಲ ಎರಡನ್ನೂ ನೆನಪಿಸುವವನೂ ಅವನೇ. ಎದುರಿಗೆ ‘ನೀವು’ ಎನ್ನುತ್ತಿದ್ದೆ. ಮನಸ್ಸಿನಲ್ಲಿ ಯಾವತ್ತೂ ಏಕವಚನ.

ದೂರದಿಂದ ಒಂದೇ ದಿಕ್ಕಿಗೆ ಹರಿದು ಬರುವ ಭಾರೀ ವಿದ್ಯುತ್ತನ್ನು ಊರಿನ ಮನೆಗಳು ಬಳಸುವಂಥ ವಿದ್ಯುತ್ತಾಗಿ ಮಾಡಿ ಕೊಡುವುದು ನಮ್ಮ ಸ್ಟೇಷನ್ನಿನ ಕೆಲಸ. ಸಿನಿಮಾ ಮಂದಿರದಷ್ಟು ಎತ್ತರದ ಹಾಲ್, ಅದರೊಳಗೆ ಅಟ್ಟದ ಮೇಲೆ ಅಟ್ಟವಾಗಿ ಜೋಡಿಸಿದ ನೂರಾರು ಮಾಡ್ಯೂಲುಗಳು. ಒಂದೊಂದರಲ್ಲೂ ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುವ ಒಂದು ಕೆಪಾಸಿಟರ್. ಒಂದು ಮಾಡ್ಯೂಲ್ ಕೆಟ್ಟರೆ ಅದು ತಾನಾಗಿ ಬದಿಗೆ ಸರಿಯುತ್ತದೆ, ಉಳಿದವು ಅದರ ಭಾರಕ್ಕೆ ಹೆಗಲು ಕೊಡುತ್ತವೆ. ಊರಿಗೆ ಗೊತ್ತೇ ಆಗುವುದಿಲ್ಲ. ವರ್ಷಕ್ಕೊಮ್ಮೆ ಸ್ಟೇಷನ್ ನಿಲ್ಲಿಸಿ, ಕೆಟ್ಟವನ್ನೆಲ್ಲ ಬದಲಾಯಿಸುತ್ತೇವೆ.

ಒಳಗೆ ಹೋಗುವ ಮುಂಚೆ ಒಂದು ಕಟ್ಟುನಿಟ್ಟಿನ ನಿಯಮವಿದೆ. ವಿದ್ಯುತ್ ಹರಿಸಲು ಬೇಕಾದ ಕೀಲಿಗಳನ್ನು ಒಂದು ಕಬ್ಬಿಣದ ಪೆಟ್ಟಿಗೆಗೆ ಹಾಕಿ, ಒಳಗೆ ಹೋಗುವ ಪ್ರತಿಯೊಬ್ಬರೂ ಅದರ ಮೇಲೆ ತಮ್ಮ ತಮ್ಮ ಬೀಗ ಜಡಿಯಬೇಕು. ಬೀಗದ ಕೈ ಅವರವರ ಜೇಬಿನಲ್ಲಿ. ಒಂದು ಬೀಗ ಉಳಿದಿದ್ದರೂ ಪೆಟ್ಟಿಗೆ ತೆರೆಯದು. ಯಾರಾದರೂ ಮರೆತು ಮನೆಗೆ ಹೋಗಿದ್ದರೆ ಆ ಬೀಗವನ್ನು ಕತ್ತರಿಸಬಹುದು, ಆದರೆ ಆ ವ್ಯಕ್ತಿ ಹೊರಗಿರುವುದನ್ನು ಯಾರಾದರೂ ಕಣ್ಣಾರೆ ಕಂಡಿರಬೇಕು.

ಆ ದಿನ ಹೊಸ ಮಾಡ್ಯೂಲುಗಳನ್ನು ಕೂರಿಸಿ ಉಳಿದವರೆಲ್ಲ ಹೊರಬಿದ್ದು ತಮ್ಮ ತಮ್ಮ ಬೀಗ ತೆಗೆದುಕೊಂಡರು. ಮೇಲಿನ ಅಟ್ಟದಲ್ಲಿ ತಂಪಿಗೆ ನೀರು ಹರಿಸುವ ಕೊಳವೆಯ ಒಂದು ಜೋಡಣೆ ಸಣ್ಣಗೆ ಬೆವರುತ್ತಿತ್ತು. ನನ್ನ ಬೀಗ ಹಾಗೇ ಬಿಟ್ಟು, ಜೊತೆಯಲ್ಲಿದ್ದ ದಪ್ಪಣ್ಣನಿಗೆ ಹೇಳಿ, ನಾನು ಮತ್ತೆ ಅಟ್ಟಗಳಿಗೆ ಏರಿಸುವ ತೆರೆದ ಲಿಫ್ಟ್ ಹತ್ತಿದೆ. ದಪ್ಪಣ್ಣ ತನ್ನ ಬೀಗ ತೆಗೆದುಕೊಂಡು ಊಟಕ್ಕೆ ಹೋದ. ಇತ್ತ ಭಾವ, ಗೊತ್ತುಮಾಡಿದ ಹೊತ್ತಿಗಿಂತ ಮುಂಚೆಯೇ ಸ್ಟೇಷನ್ ಶುರು ಮಾಡುತ್ತೇನೆಂದು ಮೇಲಿನವರಿಗೆ ಮಾತು ಕೊಟ್ಟು ಕೂತಿದ್ದ. ಬಡ್ತಿಯ ಆಸೆ. ಪೆಟ್ಟಿಗೆಯ ಮೇಲೆ ನನ್ನದೊಂದೇ ಬೀಗ ನೇತಾಡುತ್ತಿತ್ತು. ಉಗ್ರಾಣದವನನ್ನು ಕರೆದು, "ಇವಳದ್ದು ಯಾವಾಗ್ಲೂ ಇದೇ ಮರೆವು. ಕತ್ತರಿಸು," ಎಂದನಂತೆ. ನಾನು ಅದುವರೆಗೆ ಒಮ್ಮೆಯೂ ಬೀಗ ಮರೆತವಳಲ್ಲ.

ನಾನು ಸ್ಪ್ಯಾನರ್ ಹಿಡಿದು ತಿರುವುತ್ತಿದ್ದಾಗ ಕೆಳಗೆ ಮೋಟಾರಿನ ಸದ್ದಾಯಿತು. ಗೋಡೆಯ ಪಕ್ಕದ ಅರ್ಥಿಂಗ್ ತೋಳುಗಳು ಒಂದೊಂದಾಗಿ ಅಟ್ಟಗಳನ್ನು ಬಿಟ್ಟು ದೂರ ಸರಿಯುತ್ತಿದ್ದವು. ನಾವು ಒಳಗಿರುವಷ್ಟು ಹೊತ್ತು ವಿದ್ಯುತ್ತನ್ನು ನೆಲಕ್ಕೆ ಇಳಿಸಿಟ್ಟು ನಮ್ಮನ್ನು ಕಾಯುವ ತೋಳುಗಳು ಅವು. ಅವು ಬಿಟ್ಟವೆಂದರೆ ಇನ್ನು ವಿದ್ಯುತ್ ಬರುವುದೊಂದೇ ಬಾಕಿ. ಕಿರುಚಿದೆ. ಅಷ್ಟು ದಪ್ಪ ಗೋಡೆಯಾಚೆ ಯಾರಿಗೆ ಕೇಳಬೇಕು? ಲಿಫ್ಟ್ ಇಳಿಯುವ ವೇಗಕ್ಕೆ ಅದನ್ನು ಮಾಡಿದವನ ವಂಶವನ್ನೆಲ್ಲ ಬೈದೆ. ನೆಲ ಮುಟ್ಟುವ ಮುಂಚೆಯೇ ಹಾರಿ, ಓಡಿ, ಬಾಗಿಲ ಪಕ್ಕದಲ್ಲಿದ್ದ, ಎಲ್ಲವನ್ನೂ ನಿಲ್ಲಿಸುವ ಕೆಂಪು ಗುಂಡಿಯನ್ನು ಗುದ್ದಿದೆ. ಸೈರನ್ ಕೂಗಿತು.

ಬಾಗಿಲು ತೆರೆದಾಗ ಎದುರಿಗೆ ಭಾವ. ಮುಖದಲ್ಲಿ ರಕ್ತವಿರಲಿಲ್ಲ. ಬಾಯಿಂದ ಬಂದ ಮೊದಲ ಮಾತು, "ಒಳಗೇನ್ ಮಾಡ್ತಿದ್ದೆ ನೀನು?"

ಸಂಜೆ ಗೇಟಿನ ಕಾವಲುಗಾರ ನನ್ನ ಊಟದ ಡಬ್ಬಿ ಕೈಗಿತ್ತ. "ಸೈರನ್ ಕೂಗೋಕೆ ಸ್ವಲ್ಪ ಮುಂಚೆ ನಿಮ್ಮಕ್ಕ ತಂದ್ಕೊಟ್ರು. ಒಳಗೆ ಹಾಲಲ್ಲಿದಾರೆ, ಹೇಳಿ ಕಳಿಸ್ಲಾ ಅಂದೆ. ಬೇಡ, ಕೆಲಸ ಮುಗಿಸ್ಕೊಳ್ಳಲಿ ಅಂದ್ರು."

ಮನೆಯಲ್ಲಿ ಯಾರೂ ಆ ಸುದ್ದಿ ಎತ್ತಲಿಲ್ಲ. ಭಾವ ಎರಡೆರಡು ಸಲ ಬಡಿಸಿಕೊಂಡು ಉಂಡ.

ಮುಂದಿನ ವಾರ ಕೇಂದ್ರ ಕಚೇರಿಯಿಂದ ಇಬ್ಬರು ವಿಚಾರಣೆಗೆ ಬಂದರು. ಭಾವ ಗಂಟಲು ಸರಿಮಾಡಿಕೊಂಡು ಹೇಳಿದ: "ಕತ್ತರಿಸೋ ಮುಂಚೆ ಮನೆಗೆ ಫೋನ್ ಮಾಡಿ ಕೇಳಿದೀನಿ ಸಾರ್. ಮನೇಲೇ ಇದಾಳೆ ಅಂದ್ರು." ಅಕ್ಕನನ್ನು ಕರೆಸಿದರು. ಅವಳು ಸೆರಗನ್ನು ಹೆಗಲ ತುಂಬ ಹೊದ್ದು ಕುರ್ಚಿಯ ತುದಿಯಲ್ಲಿ ಕೂತಳು.

"ಹೌದು ಸಾರ್. ಅವಳ ಕೋಣೆ ಬಾಗಿಲು ಹಾಕಿತ್ತು, ಚಪ್ಪಲಿ ಹೊರಗಿತ್ತು. ಮಲಗಿದಾಳೆ, ನಾನೇ ಕಣ್ಣಾರೆ ನೋಡಿದೀನಿ ಅಂದ್ಬಿಟ್ಟೆ. ತಪ್ಪು ನಂದೇ."

ಚಿಕ್ಕಂದಿನಲ್ಲಿ ನಾನು ಒಡೆದುಹಾಕಿದ್ದನ್ನೆಲ್ಲ ತಾನೇ ಒಡೆದೆ ಎಂದು ಅಪ್ಪನ ಕೈಯಲ್ಲಿ ಏಟು ತಿನ್ನುತ್ತಿದ್ದವಳು ಇವಳು. ಅದೇ ದನಿ. ನನ್ನ ಮೈಯೆಲ್ಲ ಉರಿದುಹೋಯಿತು.

ವಿಚಾರಣೆಯವರು ಚಹಾಕ್ಕೆ ಎದ್ದರು. ಆಮೇಲೆ ನನ್ನ ಸರದಿ. ಹೊರಗೆ ಅಕ್ಕನ ರಟ್ಟೆ ಹಿಡಿದು ಮೆಟ್ಟಿಲ ಹತ್ತಿರ ಎಳೆದುಕೊಂಡು ಹೋದೆ.

"ಗೇಟಿಗೆ ಡಬ್ಬಿ ತಂದ್ಕೊಟ್ಟೋಳು ಯಾರಕ್ಕಾ?"

"ಮೆಲ್ಲಗೆ ಮಾತಾಡು."

"ಫೋನ್ ಬಂದಿತ್ತಾ?"

"ಇಲ್ಲ." ನೆಲ ನೋಡುತ್ತ ಹೇಳಿದಳು. "ಅವರ ಕೆಲಸ ಹೋದ್ರೆ ಈ ಮನೆ ಬಿಡ್ಬೇಕು ಕಣೇ. ಮಕ್ಕಳಿನ್ನೂ ಓದ್ತಿದಾವೆ. ನನಗೆ ಯಾರೂ ಏನೂ ಮಾಡಲ್ಲ, ನಾನೇನು ಸ್ಟೇಷನ್ನೋಳಾ? ನೀನು ಸುಮ್ನಿದ್ರೆ ಸಾಕು. ದೇವರು ದೊಡ್ಡೋನು, ನೀನು ಹೊರಗೆ ಬಂದ್ಯಲ್ಲ."

ನಾನು ಕರಗಿಹೋದೆ. ನಿಜವಾಗಿಯೂ ಕರಗಿಹೋದೆ. ಹಾಳಾಗಿ ಹೋಗಲಿ, ಆ ಏಟುಗಳ ಋಣ ತೀರಿತು ಎಂದುಕೊಂಡು ಸುಮ್ಮನೆ ಒಳಗೆ ಹೋಗಿಬಿಡಬೇಕಿತ್ತು. ಹಾಳು ಬಾಯಿ, ಕೇಳಿಬಿಟ್ಟಿತು.

"ಬರದೇ ಇದ್ದಿದ್ರೆ?"

ಸುಳ್ಳು ಹೇಳಬಹುದಿತ್ತು ಅವಳು. ಈಗಷ್ಟೇ ಅಷ್ಟು ಚೆನ್ನಾಗಿ ಹೇಳಿ ಬಂದಿದ್ದಳು. ನನಗೊಬ್ಬಳಿಗೆ ನಿಜ ಹೇಳಬೇಕೆನ್ನಿಸಿತೋ ಏನೋ.

"ಆಗ್ಲೂ ಇದನ್ನೇ ಹೇಳ್ಬೇಕಾಗ್ತಿತ್ತು," ಎಂದಳು. "ಅಳ್ತಾ ಹೇಳ್ತಿದ್ದೆ, ಅಷ್ಟೇ."

ಒಳಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಭಾವ ಮೇಜು ಗುದ್ದಿದ, ಕೂಗಾಡಿದ, ಕೊನೆಗೆ ನನ್ನ ಹೆಸರು ಹಿಡಿದು ಬೇಡಿಕೊಂಡ. ಅಕ್ಕ ಮಾತ್ರ ತಲೆ ಎತ್ತಲಿಲ್ಲ.

ಸಂಜೆ ಮನೆಗೆ ಹೋದರೆ ಬಾಗಿಲು ಹಾಕಿತ್ತು. ನನ್ನ ಬಟ್ಟೆಗಳೆಲ್ಲ ಹೊರಗಿನ ಜಗಲಿಯ ಮೇಲಿದ್ದವು. ಒಂದೊಂದನ್ನೂ ಅಕ್ಕ ಇಸ್ತ್ರಿ ಮಾಡಿ ಮಡಚಿಟ್ಟಿದ್ದಳು.