ಏರಿದ ಅಂಕಿ, ಎಳೆದ ಹಗ್ಗ

ಡಾಕ್ಟರಮ್ಮ ರಿಪೋರ್ಟನ್ನು ಮೇಜಿನ ಮೇಲೆ ತಿರುಗಿಸಿಟ್ಟು ಪೆನ್ನಿನ ತುದಿಯಿಂದ ಒಂದು ಸಾಲನ್ನು ತೋರಿಸಿದರು. ವೈರಸ್ ಪತ್ತೆಯಾಗಿಲ್ಲ. ಇಸ್ತ್ರಿ ಅಕ್ಕ ಆ ಎರಡು ಪದಗಳನ್ನು ಬೆರಳಿಟ್ಟು ಓದಿದಳು, ಮತ್ತೊಮ್ಮೆ ಓದಿದಳು.

"ಬೇರೆ ಯಾರದ್ದಾದ್ರೂ ರಿಪೋರ್ಟ್ ಸೇರ್ಕೊಂಡಿದೆಯಾ ಡಾಕ್ಟ್ರೇ?"

"ನಿಮ್ದೇ ಅಮ್ಮ. ಮಾತ್ರೆ ಶುರು ಮಾಡಿ ಒಂದು ತಿಂಗಳಾಯ್ತಲ್ಲ. ಆಗ ಲಕ್ಷಗಟ್ಟಲೆ ಇದ್ದ ವೈರಸ್ಸು ಈಗ ಮೆಷಿನ್ ಕಣ್ಣಿಗೂ ಬೀಳ್ತಿಲ್ಲ. ಲಿವರ್ ಅಂಕಿಗಳೂ ಇಳಿದಿವೆ. ಹಾಗಂತ ಮಾತ್ರೆ ಬಿಡೋ ಹಾಗಿಲ್ಲ. ಮೂರು ತಿಂಗಳ ಕೋರ್ಸ್ ಪೂರ್ತಿ ಆಗ್ಬೇಕು. ಆಮೇಲೆ ಇನ್ನೂ ಮೂರು ತಿಂಗಳು ಬಿಟ್ಟು ನೋಡಿದಾಗ್ಲೂ ಹೀಗೇ ಬಂದ್ರೆ, ವಾಸಿ ಅಂತ ಧೈರ್ಯವಾಗಿ ಹೇಳ್ಬಹುದು."

ಪಕ್ಕದಲ್ಲಿ ಕೂತಿದ್ದ ಗಂಡನಿಗೆ ಕನ್ನಡಕದ ಅಂಗಡಿಯಿತ್ತು. ಅವನು ತನ್ನ ಕನ್ನಡಕವನ್ನು ಹಣೆಗೇರಿಸಿ, ಕಾಗದವನ್ನು ಮೂಗಿನ ಹತ್ತಿರ ಹಿಡಿದು ಅಂಕಿಗಳನ್ನು ಒಂದೊಂದಾಗಿ ನೋಡಿದ. ಹೆಂಡತಿಗೆ ಹೆಪಟೈಟಿಸ್ ಸಿ ಎಂದು ಗೊತ್ತಾದಾಗಿನಿಂದ ಅವನಿಗೆ ಅದೇ ಚಾಳಿ. ಎಂದೋ ಅವಳಿಗೆ ಆಪರೇಷನ್ ಆದಾಗ ಏರಿಸಿದ ರಕ್ತದಿಂದ ಬಂದಿರಬಹುದು ಎಂದು ಡಾಕ್ಟರಮ್ಮ ಹೇಳಿದ್ದರು. ಆಪರೇಷನ್ ಆಗಿ ಎಷ್ಟೋ ವರ್ಷ ಕಳೆದಿತ್ತು. ಅಷ್ಟೂ ವರ್ಷ ಅವಳು ತನ್ನ ಸುಸ್ತನ್ನು ಸೋಮಾರಿತನವೆಂದೇ ತಿಳಿದು ತನ್ನನ್ನು ತಾನೇ ಬೈದುಕೊಂಡಿದ್ದಳು.

ಅವಳ ಕೆಲಸ ದೊಡ್ಡ ಹೋಟೆಲೊಂದರ ನೆಲಮಾಳಿಗೆಯ ಲಾಂಡ್ರಿಯಲ್ಲಿ. ಅಲ್ಲಿನವರಿಗೆಲ್ಲ ಅವಳು ಇಸ್ತ್ರಿ ಅಕ್ಕ. ಒಂದು ಕಡೆ ಗುಡುಗುವ ವಾಷಿಂಗ್ ಮೆಷಿನ್ನುಗಳು, ಇನ್ನೊಂದು ಕಡೆ ಬುಸ್ಸೆಂದು ಹಬೆಯುಗುಳುವ ಇಸ್ತ್ರಿ ಮೇಜುಗಳು. ಇಸ್ತ್ರಿ ಮೇಜಿನ ಮುಂದೆ ನಿಂತು ಕೆಲಸ ಮಾಡಲಾಗದೆ ಈಚೆಗೆ ಅವಳು ಸ್ಟೂಲಿನ ಮೇಲೆ ಕೂತು ದಿಂಬಿನ ಕವರು ಮಡಚುತ್ತಿದ್ದಳು. ರಿಪೋರ್ಟ್ ಬಂದ ಮೇಲೆ ಒಂದು ಬೆಳಿಗ್ಗೆ ತಾನು ಸ್ಟೂಲನ್ನೇ ಮರೆತು ನಿಂತಿದ್ದೇನೆಂಬುದು ಅವಳ ಗಮನಕ್ಕೆ ಬಂತು. ಕಾಲು ಸೋಲಲಿಲ್ಲ, ಕಣ್ಣಿಗೆ ಕತ್ತಲೆ ಬರಲಿಲ್ಲ. ಒದ್ದೆ ಬೆಡ್‌ಶೀಟಿನ ಬುಟ್ಟಿಯನ್ನು ಎತ್ತಿ ನೋಡಿದಳು. ಎತ್ತಲಾಯಿತು!

ಅದನ್ನು ನೋಡಿಬಿಟ್ಟವಳು ನಾದಿನಿ. ಗಂಡನ ತಂಗಿಯಾದ ಅವಳೂ ಅಲ್ಲೇ ಮೆಷಿನ್ನು ನೋಡಿಕೊಳ್ಳುತ್ತಿದ್ದಳು. ಆಳು ಭಾರಿ, ಗಂಟಲು ಅದಕ್ಕಿಂತ ಭಾರಿ. ಹೋಟೆಲಿನ ಆಟೋಟದ ದಿನಕ್ಕೆ ಲಾಂಡ್ರಿ ಹೆಂಗಸರ ಹಗ್ಗಜಗ್ಗಾಟದ ತಂಡ ಕಟ್ಟುತ್ತಿದ್ದಳು. ಎದುರಾಳಿ ಅಡುಗೆಮನೆಯ ಹೆಂಗಸರು. ಸತತವಾಗಿ ಗೆದ್ದು ಸೊಕ್ಕಿದವರು.

"ಅತ್ತಿಗೆ, ನಿಮ್ಮ ಹೆಸ್ರು ಸೇರಿಸ್ಬಿಟ್ಟೆ."

"ನಿಂಗೆ ತಲೆ ಕೆಟ್ಟಿದೆಯಾ? ನಿಮ್ಮಣ್ಣ ನಂಗೆ ನೀರಿನ ಬಿಂದಿಗೆ ಎತ್ತೋಕೂ ಬಿಡಲ್ಲ."

"ಅಣ್ಣಂಗೆ ಹೇಳೋರು ಯಾರು?"

ಹೀಗೆ ಹೋಟೆಲಿನ ಹಿತ್ತಲಿನ ಅಂಗಳದಲ್ಲಿ ಮಧ್ಯಾಹ್ನದ ಊಟದ ಬಿಡುವಿಗೆ ಅಭ್ಯಾಸ ಶುರುವಾಯಿತು. ಹಗ್ಗದ ಒಂದು ತುದಿಯನ್ನು ಕಂಬಕ್ಕೆ ಬಿಗಿದು, ಇನ್ನೊಂದು ತುದಿಯನ್ನು ಎಲ್ಲರೂ ಜಗ್ಗುತ್ತಿದ್ದರು. ಇಸ್ತ್ರಿ ಅಕ್ಕ ಹಿಮ್ಮಡಿಯನ್ನು ನೆಲಕ್ಕೆ ಒತ್ತಿ, ಹಲ್ಲು ಕಚ್ಚಿ ಎಳೆದಳು. ಬೆವರು ಧಾರಾಕಾರ. ಬಾಯಲ್ಲಿ ತಡೆಯಲಾಗದ ನಗು. ಮೈಯಲ್ಲಿ ಇಷ್ಟು ಕಸುವು ಇಷ್ಟು ದಿನ ಎಲ್ಲಿ ಅವಿತುಕೊಂಡಿತ್ತು ಎಂದು ಅವಳಿಗೇ ಸೋಜಿಗ. ಮನೆಯಲ್ಲಿ ಮಾತ್ರ ತಲೆ ಬಾಚಿಕೊಳ್ಳಲು ತೋಳೆತ್ತಲಾಗದೆ ಗೋಡೆಯ ಕಡೆ ತಿರುಗಿ ಮುಖ ಕಿವುಚುತ್ತಿದ್ದಳು.

ಮುಂದಿನ ರಕ್ತಪರೀಕ್ಷೆಯ ದಿನವೂ ಮಧ್ಯಾಹ್ನ ಹಗ್ಗ ಎಳೆದು, ಅಲ್ಲಿಂದ ನೇರ ಲ್ಯಾಬಿಗೆ ಹೋಗಿ ರಕ್ತ ಕೊಟ್ಟು ಬಂದಳು. ಲಿವರಿನ ಅಂಕಿಗಳು ಮೊದಲು ಬಂದವು. ವೈರಸ್ಸಿನದು ಇನ್ನೂ ಬರಬೇಕಿತ್ತು. ಗಂಡ ಅಂಗಡಿಯಿಂದಲೇ ಓಡಿಬಂದ.

"ಏರಿದೆ! ಎಎಲ್‌ಟಿನೂ ಏರಿದೆ. ಎಎಸ್‌ಟಿ ಅಂತೂ ಆಕಾಶಕ್ಕೇ ಹೋಗಿದೆ. ಏನ್ ತಿಂದೆ? ಪಕ್ಕದ ಮನೆಯೋಳು ಕೊಟ್ಟ ಬೇರಿನ ಪುಡಿ ತಾನೇ?"

"ನಿಮ್ಮಾಣೆ ರೀ, ಆ ಪುಡೀನ ನಾನು ಮೂಸೂ ನೋಡಿಲ್ಲ."

"ಮತ್ತೆ ಅಂಕಿ ಸುಮ್ಮನೆ ಏರುತ್ತಾ?"

ಅವಳಿಗೂ ಅದೇ ಪ್ರಶ್ನೆ. ವೈರಸ್ಸು ಹಿಂತಿರುಗಿತೇ? ನಿಲ್ಲಲು ಕಲಿತ ಕಾಲು ಮತ್ತೆ ಸ್ಟೂಲು ಹುಡುಕಬೇಕೇ? ಹಗ್ಗದ ವಿಷಯ ನಾಲಿಗೆಯ ತುದಿಗೆ ಬಂತು. ಲಿವರಿಗೂ ಹಗ್ಗಕ್ಕೂ ಏನು ಸಂಬಂಧ ಎಂದುಕೊಂಡು ನುಂಗಿಬಿಟ್ಟಳು. ಸುದ್ದಿ ಕೇಳಿದ ನಾದಿನಿ ರಜೆ ಹಾಕಿ ಆಸ್ಪತ್ರೆಗೆ ಜೊತೆಗೇ ಹೊರಟಳು.

ಡಾಕ್ಟರಮ್ಮ ರಿಪೋರ್ಟ್ ನೋಡಿ ಗಾಬರಿಯಾಗಲಿಲ್ಲ. ಹುಬ್ಬು ಗಂಟಿಕ್ಕಿ ಪ್ರಶ್ನೆ ಕೇಳುತ್ತಾ ಹೋದರು. ಬೇರೆ ಮಾತ್ರೆ? ಇಲ್ಲ. ಮದ್ಯ? ಛೆ. ಪುಡಿ, ಕಷಾಯ? ಗಂಡ ಬಾಯಿ ತೆರೆಯುವ ಮೊದಲೇ ಅವಳು ಇಲ್ಲವೆಂದಳು. ಮಾತ್ರೆ ತಪ್ಪಿಸಿದ್ದುಂಟೇ? ಒಂದೂ ಇಲ್ಲ. "ಹೆಪಟೈಟಿಸ್ ಬಿ ಇದ್ದಿದ್ರೆ ಈ ಮಾತ್ರೆಗೆ ಅದು ಕೆರಳ್ಬಹುದಿತ್ತು, ಅದು ಇಲ್ಲ ಅನ್ನೋದನ್ನ ಮೊದಲೇ ನೋಡಿದ್ದೀವಿ. ಎಎಲ್‌ಟಿಗಿಂತ ಎಎಸ್‌ಟಿ ಇಷ್ಟು ಮುಂದಿದೆ... ಅಮ್ಮ, ಆ ತೋಳು ಸ್ವಲ್ಪ ಎತ್ತಿ."

ಅವಳು ಎತ್ತಲು ಹೋಗಿ "ಅಯ್ಯಪ್ಪಾ" ಎಂದಳು.

ನಾದಿನಿ ತನ್ನ ಚಪ್ಪಲಿಯನ್ನೇ ನೋಡುತ್ತಿದ್ದವಳು ತಡೆಯಲಾಗದೆ ಬಾಯಿಬಿಟ್ಟಳು. "ಡಾಕ್ಟ್ರೇ, ಅತ್ತಿಗೆ ಹಗ್ಗ ಎಳೀತಿದ್ದಾರೆ. ಸೇರಿಸಿದ್ದು ನಾನೇ."

"ಯಾವ ಹಗ್ಗ?" ಎಂದ ಗಂಡ.

ಎಲ್ಲ ಕೇಳಿ ಮುಗಿಯುವಷ್ಟರಲ್ಲಿ ಡಾಕ್ಟರಮ್ಮ ನಗು ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದಿದ್ದರು. "ಇದನ್ನ ಮೊದಲೇ ಹೇಳ್ಬಾರ್ದಾ? ಎಎಸ್‌ಟಿ ಲಿವರ್ ಒಂದರಲ್ಲೇ ಇರೋದಲ್ಲ, ಮಾಂಸಖಂಡದಲ್ಲೂ ಇರುತ್ತೆ. ಎಎಲ್‌ಟಿ ಕೂಡ ಸ್ವಲ್ಪ ಇರುತ್ತೆ. ಅಭ್ಯಾಸ ಇಲ್ಲದ ಮೈನ ಹೀಗೆ ದಂಡಿಸಿದ್ರೆ ಮಾಂಸಖಂಡಕ್ಕೆ ಪೆಟ್ಟಾಗಿ ಅದು ರಕ್ತಕ್ಕೆ ಸೋರುತ್ತೆ. ನಾವು ಲಿವರ್ ಮೇಲೆ ಅನುಮಾನ ಪಡ್ತೀವಿ. ಆದ್ರೆ ನನ್ನ ಊಹೆ ಸಾಲದು, ನೋಡೇಬಿಡೋಣ." ಮಾಂಸಖಂಡದ ಪೆಟ್ಟು ತೋರಿಸುವ ಸಿಪಿಕೆ ಎಂಬ ಪರೀಕ್ಷೆ, ಜೊತೆಗೆ ಕಿಡ್ನಿ ಮತ್ತು ಮೂತ್ರದ ಪರೀಕ್ಷೆ ಬರೆದರು. ಚೆನ್ನಾಗಿ ನೀರು ಕುಡಿಯಬೇಕು, ಹಗ್ಗ ಮುಟ್ಟುವಂತಿಲ್ಲ, ಮಾತ್ರೆ ಮಾತ್ರ ತಪ್ಪಿಸುವಂತಿಲ್ಲ ಎಂದರು.

ಸಂಜೆ ಡಾಕ್ಟರಮ್ಮ ಫೋನ್ ಮಾಡಿದರು. ಮೂವರೂ ಒಂದೇ ಫೋನಿಗೆ ಕಿವಿ ತಾಗಿಸಿ ನಿಂತರು. ಸಿಪಿಕೆ ಸಿಕ್ಕಾಪಟ್ಟೆ ಏರಿತ್ತು. ಕಿಡ್ನಿ, ಮೂತ್ರ ಎರಡೂ ಚೆನ್ನಾಗಿದ್ದವು. "ಇನ್ನೊಂದು. ವೈರಸ್ ರಿಪೋರ್ಟ್ ಈಗ್ತಾನೇ ಬಂತು. ಪತ್ತೆಯಾಗಿಲ್ಲ."

ನಾದಿನಿ ಹಾಕಿದ ಕೂಗಿಗೆ ಪಕ್ಕದ ಮನೆಯವಳು ಬಾಗಿಲಿಗೆ ಬಂದಳು. ಗಂಡ ತನ್ನ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಉಜ್ಜುತ್ತಾ ನಿಂತ. ಆಮೇಲೆ ಹೆಂಡತಿಯ ಕಡೆ ತಿರುಗಿ, "ಹಗ್ಗ ಎಳೆಯೋಷ್ಟು ಶಕ್ತಿ ಬಂತಾ ನಿಂಗೆ? ನಿಜವಾಗ್ಲೂ?" ಎಂದ. ಅವನ ದನಿಯಲ್ಲಿ ಕೋಪ ಹುಡುಕಿದರೂ ಸಿಗುವಂತಿರಲಿಲ್ಲ.

ವಿಶ್ರಾಂತಿಯ ನಂತರ ಮತ್ತೆ ರಕ್ತ ಕೊಟ್ಟಾಗ ಏರಿದ ಅಂಕಿಗಳೆಲ್ಲ ತಮ್ಮ ಜಾಗಕ್ಕೆ ಇಳಿದಿದ್ದವು. ಆಟೋಟದ ದಿನ ಅವಳಿಗೆ ಎಳೆಯಲು ಅನುಮತಿಯಿರಲಿಲ್ಲ. ಪಕ್ಕದಲ್ಲಿ ನಿಂತು "ಐಸಾ!" ಎಂದು ತಾಳ ಹಾಕಿದಳು. ಅವಳು ಹಗ್ಗ ಮುಟ್ಟದಂತೆ ಕಾಯಲು ಬಂದಿದ್ದ ಗಂಡ ಗೆರೆಯುದ್ದಕ್ಕೂ ಓಡಾಡುತ್ತಾ ಅವಳಿಗಿಂತ ಜೋರಾಗಿ ಅರಚಿ ದನಿ ಕಳೆದುಕೊಂಡ. ಅಡುಗೆಮನೆಯವರೇ ಗೆದ್ದರು, ಆದರೆ ಬೆವರಿಳಿಸಿಕೊಂಡು ಗೆದ್ದರು.

ಕೋರ್ಸ್ ಮುಗಿಯಿತು. ಕಾಯುವ ಮೂರು ತಿಂಗಳೂ ಕಳೆದವು. ಕೊನೆಯ ರಿಪೋರ್ಟಿನ ದಿನ ಡಾಕ್ಟರಮ್ಮ ಎದ್ದು ನಿಂತೇ ಹೇಳಿದರು. "ವೈರಸ್ ಇಲ್ಲ. ವಾಸಿಯಾಗಿದೆ ಅಮ್ಮ."

ಇಸ್ತ್ರಿ ಅಕ್ಕ ಕುರ್ಚಿಯಿಂದ ಎದ್ದಳು, ಕೂತಳು, ಮತ್ತೆ ಎದ್ದಳು. ತಾನು ನಗುತ್ತಿದ್ದೇನೋ ಅಳುತ್ತಿದ್ದೇನೋ ಅವಳಿಗೇ ತಿಳಿಯಲಿಲ್ಲ.

"ಒಂದು ಮಾತು ನೆನಪಿರಲಿ," ಎಂದರು ಡಾಕ್ಟರಮ್ಮ. "ಆಂಟಿಬಾಡಿ ಪರೀಕ್ಷೆ ಯಾವಾಗ ಮಾಡಿಸಿದ್ರೂ ಪಾಸಿಟಿವ್ ಅಂತ್ಲೇ ಬರುತ್ತೆ. ಅದು ಹಳೇ ಸೋಂಕಿನ ಗುರುತು ಅಷ್ಟೇ, ಹೆದರ್ಬೇಡಿ. ಮತ್ತೆ ಸೋಂಕು ತಗಲದ ಹಾಗೆ ಎಚ್ಚರ ಇರಲಿ. ಸೋಂಕಿನಿಂದ ಲಿವರ್ ಕಲ್ಲಿನ ಹಾಗೆ ಬಿಗಿದುಕೊಂಡಿರಲಿಲ್ಲ, ಆದ್ರಿಂದ ಪದೇಪದೇ ಬರೋ ಅಗತ್ಯ ಇಲ್ಲ."

ಗಂಡನ ಮುಖ ಪೆಚ್ಚಾಯಿತು. "ಹಾಗಾದ್ರೆ ಮುಂದಿನ ಸಲ ಯಾವ ಅಂಕಿ ನೋಡ್ಬೇಕು ಡಾಕ್ಟ್ರೇ?"

"ಯಾವ್ದೂ ಬೇಡ. ಮನೆಗೆ ಹೋಗಿ."

ಅವನು ಎದ್ದೇಳುವಷ್ಟರಲ್ಲಿ ಅವಳು ಕಾರಿಡಾರಿನ ಅರ್ಧ ದಾಟಿ, ಫೋನಿನಲ್ಲಿ ನಾದಿನಿಗೆ ಕೂಗಿ ಹೇಳುತ್ತಿದ್ದಳು.